ದಿ ಎಕ್ಸ್-ಫೈಲ್ಸ್: ಐ ವಾಂಟ್ ಟು ಬಿಲೀವ್ (ಚಲನಚಿತ್ರ)

ದಿ ಎಕ್ಸ್-ಫೈಲ್ಸ್: ಐ ವಾಂಟ್ ಟು ಬಿಲೀವ್ ೨೦೦೮ರಲ್ಲಿ ತೆರೆಕಂಡ ಅಮೆರಿಕದ ಇಂಗ್ಲಿಷ್ ಚಲನಚಿತ್ರ. ಫಾಕ್ಸ್ ವಾಹಿನಿಯಲ್ಲಿ ೧೯೯೩ರಿಂದ ೨೦೦೨ರವರೆಗೆ ಪ್ರಸಾರವಾದ 'ದಿ ಎಕ್ಸ್-ಫೈಲ್ಸ್' ದೂರದರ್ಶನ ಧಾರಾವಾಹಿಯ ಕಥೆಯನ್ನು ಇದು ಮುಂದುವರಿಸುತ್ತದೆ. ಧಾರಾವಾಹಿಯ ಸೃಷ್ಟಿಕರ್ತ ಕ್ರಿಸ್ ಕಾರ್ಟರ್ ಚಿತ್ರದ ನಿರ್ದೇಶಕರು. ಫ್ರಾಂಕ್ ಸ್ಪಾಟ್ನಿಟ್ಜ್ ಅವರೊಂದಿಗೆ ಸೇರಿ ಚಿತ್ರಕಥೆಯನ್ನೂ ಅವರೇ ಬರೆದರು. ಡೇವಿಡ್ ಡುಕೋವ್ನಿ ಮತ್ತು ಜಿಲಿಯನ್ ಆಂಡರ್ಸನ್ ಕ್ರಮವಾಗಿ ಫಾಕ್ಸ್ ಮಲ್ಡರ್ ಹಾಗೂ ಡೇನಾ ಸ್ಕಲಿ ಪಾತ್ರಗಳಿಗೆ ಮರಳಿದರು. ೧೯೯೮ರ 'ದಿ ಎಕ್ಸ್-ಫೈಲ್ಸ್' ಚಿತ್ರದ ತರುವಾಯ ಈ ಸರಣಿಯಲ್ಲಿ ಬಂದ ಎರಡನೆಯ ಚಲನಚಿತ್ರವಿದು.

ಧಾರಾವಾಹಿ ಮುಗಿದು ಆರು ವರ್ಷಗಳ ಬಳಿಕ, ೨೦೦೮ರ ಜುಲೈ ೨೫ರಂದು ಅಮೆರಿಕದಲ್ಲಿ ಬಿಡುಗಡೆಯಾದ ಚಿತ್ರವನ್ನು ಅಭಿಮಾನಿಗಳು ಬಹುಕಾಲದಿಂದ ಎದುರುನೋಡುತ್ತಿದ್ದರು. ಆದರೆ ಅದು ವಿಮರ್ಶಕರ ಮೆಚ್ಚುಗೆಯನ್ನಾಗಲಿ, ಮೊದಲ ಚಿತ್ರಕ್ಕೆ ದೊರೆತಷ್ಟು ಪ್ರೇಕ್ಷಕರನ್ನಾಗಲಿ ಗಳಿಸಲಿಲ್ಲ. ಧಾರಾವಾಹಿಯ ಬೆನ್ನೆಲುಬಾಗಿದ್ದ ಅನ್ಯಗ್ರಹಜೀವಿಗಳ ಕಥೆಯನ್ನು ಪೂರ್ತಿಯಾಗಿ ಬದಿಗಿರಿಸಿ, ಸ್ವತಂತ್ರವಾದ ಅಪರಾಧ ಕಥೆಯೊಂದನ್ನು ಆರಿಸಿಕೊಂಡದ್ದು ಚಿತ್ರದ ಕುರಿತ ಚರ್ಚೆಯಲ್ಲಿ ಮತ್ತೆ ಮತ್ತೆ ಬರುವ ವಿಷಯ.

ಹಿನ್ನೆಲೆ

'ದಿ ಎಕ್ಸ್-ಫೈಲ್ಸ್' ಧಾರಾವಾಹಿಯ ಮೊದಲ ಕಂತು ೧೯೯೩ರ ಸೆಪ್ಟೆಂಬರ್ ೧೦ರಂದು ಪ್ರಸಾರವಾಯಿತು. ಅಮೆರಿಕದ ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐಯಲ್ಲಿ, ಯಾವ ವಿವರಣೆಗೂ ಒಗ್ಗದೆ ಮೂಲೆಗುಂಪಾದ ಪ್ರಕರಣಗಳ ಕಡತಗಳಿಗೆ 'ಎಕ್ಸ್-ಫೈಲ್ಸ್' ಎಂಬ ಹೆಸರಿದೆ ಎಂಬುದು ಅದರ ಕಲ್ಪನೆ. ಬಾಲ್ಯದಲ್ಲಿ ತನ್ನ ತಂಗಿ ಸಮಂತಾ ಕಣ್ಮರೆಯಾದದ್ದಕ್ಕೆ ಅನ್ಯಗ್ರಹಜೀವಿಗಳೇ ಕಾರಣವೆಂದು ನಂಬಿದ ಮಲ್ಡರ್ ಮತ್ತು ಅವನ ತರ್ಕಗಳನ್ನು ವಿಜ್ಞಾನದ ಒರೆಗಲ್ಲಿಗೆ ಹಚ್ಚಲೆಂದು ನೇಮಕಗೊಂಡ ವೈದ್ಯೆ ಸ್ಕಲಿ, ಇವರಿಬ್ಬರು ಕಥೆಯ ಕೇಂದ್ರ. ನಂಬುವವನು ಪುರುಷ, ಸಂದೇಹಿಸುವವಳು ಸ್ತ್ರೀ ಎಂಬ ಈ ಜೋಡಣೆ ಅಂದಿನ ರೂಢಿಗೆ ವಿರುದ್ಧವಾಗಿತ್ತು. ಆದರೆ ಧರ್ಮದ ವಿಷಯಕ್ಕೆ ಬಂದಾಗ ಪಾತ್ರಗಳು ಅದಲುಬದಲಾಗುತ್ತಿದ್ದವು: ಕ್ಯಾಥೊಲಿಕ್ ಕ್ರೈಸ್ತಳಾದ ಸ್ಕಲಿ ನಂಬಿಕೆಯುಳ್ಳವಳು, ಮಲ್ಡರ್ ಸಂದೇಹಿ.

ಧಾರಾವಾಹಿಯ ಕಂತುಗಳು ಎರಡು ಬಗೆಯವು. ಮೊದಲನೆಯದು, ಭೂಮಿಯನ್ನು ಆಕ್ರಮಿಸಲು ಬರುವ ಅನ್ಯಗ್ರಹಜೀವಿಗಳು ಹಾಗೂ ಅವರೊಂದಿಗೆ ಕೈಜೋಡಿಸಿದ ಸರ್ಕಾರದೊಳಗಿನ ಗುಂಪೊಂದರ ಸಂಚನ್ನು ವರ್ಷದಿಂದ ವರ್ಷಕ್ಕೆ ಬೆಳೆಸಿಕೊಂಡು ಹೋಗುವ ಕಥಾಸರಣಿ. ಅಭಿಮಾನಿಗಳು ಇದನ್ನು ಧಾರಾವಾಹಿಯ 'ಪುರಾಣ' ಎಂದು ಕರೆಯುತ್ತಾರೆ. ಎರಡನೆಯದು, ಒಂದೇ ಕಂತಿನಲ್ಲಿ ಮುಗಿಯುವ, ವಿಚಿತ್ರ ಜೀವಿ ಅಥವಾ ವಿಕೃತ ಅಪರಾಧಿಯನ್ನು ಕುರಿತ ಬಿಡಿಕಥೆಗಳು. ಸಂಖ್ಯೆಯಲ್ಲಿ ಬಿಡಿಕಥೆಗಳೇ ಹೆಚ್ಚು. ಆದರೂ ಪ್ರೇಕ್ಷಕರನ್ನು ಒಂದು ವರ್ಷದಿಂದ ಮುಂದಿನ ವರ್ಷಕ್ಕೆ ಕಾಯುವಂತೆ ಮಾಡುತ್ತಿದ್ದುದು ಪುರಾಣದ ಕಂತುಗಳು.

೧೯೯೮ರಲ್ಲಿ, ಐದನೆಯ ಮತ್ತು ಆರನೆಯ ಆವೃತ್ತಿಗಳ ನಡುವೆ, ರಾಬ್ ಬೌಮನ್ ನಿರ್ದೇಶಿಸಿದ ಮೊದಲ ಚಲನಚಿತ್ರ ಬಿಡುಗಡೆಯಾಯಿತು. ಧಾರಾವಾಹಿ ಜನಪ್ರಿಯತೆಯ ತುದಿಯಲ್ಲಿದ್ದ ಸಮಯವದು. ಪುರಾಣದ ಕಥೆಯನ್ನೇ ಮುಂದುವರಿಸಿದ ಆ ಚಿತ್ರ ಜಗತ್ತಿನಾದ್ಯಂತ ಸುಮಾರು ೧೮.೯ ಕೋಟಿ ಡಾಲರ್ ಗಳಿಸಿತು. ಮುಂದಿನ ವರ್ಷಗಳಲ್ಲಿ ಡುಕೋವ್ನಿ ಧಾರಾವಾಹಿಯಿಂದ ಹಂತಹಂತವಾಗಿ ದೂರವಾದರು. ರಾಬರ್ಟ್ ಪ್ಯಾಟ್ರಿಕ್ ಮತ್ತು ಆನಬೆತ್ ಗಿಶ್ ಹೊಸ ಅಧಿಕಾರಿಗಳ ಪಾತ್ರಗಳಲ್ಲಿ ಬಂದರೂ ವೀಕ್ಷಕರ ಸಂಖ್ಯೆ ಇಳಿಯುತ್ತಲೇ ಹೋಯಿತು. ೨೦೦೨ರ ಮೇ ೧೯ರಂದು, ಒಂಬತ್ತು ಆವೃತ್ತಿಗಳ ೨೦೨ ಕಂತುಗಳ ಬಳಿಕ ಧಾರಾವಾಹಿ ಮುಕ್ತಾಯವಾಯಿತು.

ಅಂತಿಮ ಕಂತಾದ 'ದಿ ಟ್ರೂತ್'ನಲ್ಲಿ ಮಲ್ಡರ್‌ಗೆ ಮರಣದಂಡನೆ ವಿಧಿಸಲಾಗುತ್ತದೆ. ಅವನು ಸ್ಕಲಿಯೊಂದಿಗೆ ತಪ್ಪಿಸಿಕೊಂಡು ಓಡುತ್ತಾನೆ. ಅನ್ಯಗ್ರಹಜೀವಿಗಳ ಆಕ್ರಮಣವು ೨೦೧೨ರ ಡಿಸೆಂಬರ್ ೨೨ರಂದು ನಡೆಯಲಿದೆ ಎಂಬ ಸಂಗತಿ ಅದೇ ಕಂತಿನಲ್ಲಿ ಬಯಲಾಗುತ್ತದೆ. ಸ್ಕಲಿ ತನ್ನ ಮಗು ವಿಲಿಯಮ್‌ನನ್ನು ಅದರ ರಕ್ಷಣೆಗಾಗಿ ದತ್ತು ನೀಡಿದ್ದಳು. ಹೀಗೆ ಧಾರಾವಾಹಿ ನಿಂತಾಗ ಆಕ್ರಮಣದ ದಿನ, ಮಗುವಿನ ಭವಿಷ್ಯ, ತಲೆಮರೆಸಿಕೊಂಡ ನಾಯಕರ ಗತಿ, ಈ ಮೂರೂ ಪ್ರಶ್ನೆಗಳು ಉತ್ತರವಿಲ್ಲದೆ ಉಳಿದವು. ಎರಡನೆಯ ಚಲನಚಿತ್ರದ ಮೇಲಿನ ನಿರೀಕ್ಷೆಗೆ ಇವೇ ಮೂಲ.

ಕಥಾಸಾರ

ವೆಸ್ಟ್ ವರ್ಜೀನಿಯಾ ರಾಜ್ಯದಲ್ಲಿ ಎಫ್‌ಬಿಐ ಅಧಿಕಾರಿ ಮೋನಿಕಾ ಬ್ಯಾನನ್ ಅಪಹರಣಕ್ಕೊಳಗಾಗುತ್ತಾಳೆ. ಫಾದರ್ ಜೋಸೆಫ್ ಕ್ರಿಸ್‌ಮನ್ ಎಂಬ ಮಾಜಿ ಪಾದ್ರಿ ತನಗೆ ಆಕೆಯ ಕುರಿತು ದರ್ಶನಗಳಾಗುತ್ತಿವೆ ಎಂದು ಹೇಳಿ, ತನಿಖಾಧಿಕಾರಿಗಳನ್ನು ಹಿಮದಡಿ ಹೂತ ತುಂಡಾದ ತೋಳೊಂದರ ಬಳಿಗೆ ಕರೆದೊಯ್ಯುತ್ತಾನೆ. ಆದರೆ ಅವನು ಹಿಂದೆ ಮೂವತ್ತೇಳು ಬಾಲಕರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿ ಶಿಕ್ಷೆಗೊಳಗಾದವನು. ಅವನ ಮಾತನ್ನು ನಂಬಬೇಕೆ ಬೇಡವೆ ಎಂಬುದು ತನಿಖಾ ತಂಡಕ್ಕೆ ಎದುರಾದ ಪ್ರಶ್ನೆ.

ಸ್ಕಲಿ ಈಗ ಎಫ್‌ಬಿಐ ತೊರೆದು ಕ್ಯಾಥೊಲಿಕ್ ಆಸ್ಪತ್ರೆಯೊಂದರಲ್ಲಿ ವೈದ್ಯೆಯಾಗಿದ್ದಾಳೆ. ಕ್ರಿಶ್ಚಿಯನ್ ಎಂಬ ಬಾಲಕನಿಗೆ ಸ್ಯಾಂಡ್‌ಹಾಫ್ ಕಾಯಿಲೆಯಿದೆ. ನರಕೋಶಗಳಲ್ಲಿ ಕೊಬ್ಬಿನಂಶದ ವಸ್ತುಗಳು ಶೇಖರವಾಗುತ್ತ ಮಿದುಳನ್ನು ಹಾಳುಮಾಡುವ, ಚಿಕಿತ್ಸೆಯಿಲ್ಲದ ಆನುವಂಶಿಕ ರೋಗವದು. ಆಕರಕೋಶಗಳ ಪ್ರಯೋಗಾತ್ಮಕ ಶಸ್ತ್ರಚಿಕಿತ್ಸೆಯಿಂದ ಅವನನ್ನು ಉಳಿಸಲು ಸ್ಕಲಿ ಬಯಸುತ್ತಾಳೆ. ಆಸ್ಪತ್ರೆಯ ಆಡಳಿತ ನೋಡಿಕೊಳ್ಳುವ ಪಾದ್ರಿ, ಬಾಲಕನಿಗೆ ನೋವಿಲ್ಲದ ಸಾವನ್ನು ಒದಗಿಸುವುದೇ ಸರಿ ಎನ್ನುತ್ತಾನೆ.

ತಲೆಮರೆಸಿಕೊಂಡಿರುವ ಮಲ್ಡರ್‌ನನ್ನು ಕರೆತರುವಂತೆ ಎಫ್‌ಬಿಐ ಸ್ಕಲಿಯನ್ನು ಕೇಳಿಕೊಳ್ಳುತ್ತದೆ. ತನಿಖೆಗೆ ನೆರವಾದರೆ ಅವನ ಮೇಲಿನ ಹಳೆಯ ಆರೋಪಗಳನ್ನು ಕೈಬಿಡಲಾಗುವುದೆಂಬ ಭರವಸೆ ದೊರೆಯುತ್ತದೆ. ಗಡ್ಡ ಬಿಟ್ಟು, ಊರಾಚೆಯ ಮನೆಯೊಂದರಲ್ಲಿ ಪತ್ರಿಕೆಗಳ ತುಣುಕುಗಳನ್ನು ಕತ್ತರಿಸುತ್ತ ದಿನ ಕಳೆಯುತ್ತಿದ್ದ ಮಲ್ಡರ್ ಮೊದಲು ಹಿಂಜರಿದು ಕೊನೆಗೆ ಒಪ್ಪುತ್ತಾನೆ. ಅಷ್ಟರಲ್ಲಿ ಎರಡನೆಯ ಮಹಿಳೆಯೊಬ್ಬಳು ಅಪಹರಣಕ್ಕೊಳಗಾಗುತ್ತಾಳೆ. ದೇಹಾವಶೇಷಗಳಲ್ಲಿ ಪತ್ತೆಯಾದ ಪ್ರಾಣಿಗಳ ಅರಿವಳಿಕೆ ಔಷಧಿಯ ಜಾಡು ಹಿಡಿದು ಹೋದಾಗ, ಕಸಿಗೆಂದು ಅಂಗಾಂಗಗಳನ್ನು ಸಾಗಿಸುವ ಯಾಂಕಾ ಡಾಸಿಶಿನ್ ಎಂಬವನ ಮೇಲೆ ಸಂಶಯ ಬೀಳುತ್ತದೆ. ಅವನನ್ನು ಬೆನ್ನಟ್ಟುವಾಗ ತನಿಖೆಯ ನೇತೃತ್ವ ವಹಿಸಿದ್ದ ಡಕೋಟಾ ವಿಟ್ನಿ ಸಾವಿಗೀಡಾಗುತ್ತಾಳೆ.

ಡಾಸಿಶಿನ್‌ನ ಸಂಗಾತಿ ಫ್ರಾನ್ಜ್ ರೋಗದಿಂದ ಸಾಯುತ್ತಿದ್ದಾನೆ. ಅವನ ತಲೆಯನ್ನು ಬೇರೊಂದು ದೇಹಕ್ಕೆ ಜೋಡಿಸಿ ಬದುಕಿಸಲೆಂದೇ ಈ ಅಪಹರಣಗಳು ನಡೆಯುತ್ತಿವೆ. ಫಾದರ್ ಜೋ ದೌರ್ಜನ್ಯಕ್ಕೆ ತುತ್ತಾದ ಬಾಲಕರಲ್ಲಿ ಫ್ರಾನ್ಜ್ ಕೂಡ ಒಬ್ಬ. ಏಕಾಂಗಿಯಾಗಿ ಅಲ್ಲಿಗೆ ತಲುಪಿದ ಮಲ್ಡರ್ ಸೆರೆಸಿಕ್ಕಾಗ, ತಮ್ಮ ಹಳೆಯ ಮೇಲಧಿಕಾರಿ ವಾಲ್ಟರ್ ಸ್ಕಿನ್ನರ್‌ನ ನೆರವಿನಿಂದ ಸ್ಕಲಿ ಅವನನ್ನು ಹುಡುಕಿ ರಕ್ಷಿಸುತ್ತಾಳೆ. ಎರಡನೆಯ ಮಹಿಳೆ ಬದುಕುಳಿಯುತ್ತಾಳೆ. ಫಾದರ್ ಜೋ ಮತ್ತು ಫ್ರಾನ್ಜ್ ಒಂದೇ ಘಳಿಗೆಯಲ್ಲಿ ಸತ್ತಿರಬಹುದೆಂದು ಮಲ್ಡರ್ ಊಹಿಸುತ್ತಾನೆ. ಎದೆಗುಂದಬೇಡ ಎಂಬರ್ಥದಲ್ಲಿ ಫಾದರ್ ಜೋ ತನಗೆ ಹೇಳಿದ್ದ ಮಾತು ಸ್ಕಲಿಯ ಮನಸ್ಸಿನಲ್ಲಿ ಉಳಿದಿರುತ್ತದೆ. ಅದರ ಅರ್ಥ ಸ್ಪಷ್ಟವಾಗದಿದ್ದರೂ ಆಕೆ ಬಾಲಕನ ಶಸ್ತ್ರಚಿಕಿತ್ಸೆಗೆ ಮುಂದಾಗುವಲ್ಲಿ ಕಥೆ ನಿಲ್ಲುತ್ತದೆ. ಹೆಸರುಗಳ ಪಟ್ಟಿ ಮುಗಿದ ಮೇಲೆ ಬರುವ ಕಿರುದೃಶ್ಯದಲ್ಲಿ ಮಲ್ಡರ್ ಮತ್ತು ಸ್ಕಲಿ ಸಮುದ್ರದ ಮೇಲೆ ದೋಣಿಯಲ್ಲಿ ಸಾಗುತ್ತ ಪ್ರೇಕ್ಷಕರತ್ತ ಕೈಬೀಸುತ್ತಾರೆ.

ಪಾತ್ರವರ್ಗ

ಫಾಕ್ಸ್ ಮಲ್ಡರ್ ಪಾತ್ರದಲ್ಲಿ ಡೇವಿಡ್ ಡುಕೋವ್ನಿ
ಡೇನಾ ಸ್ಕಲಿ ಪಾತ್ರದಲ್ಲಿ ಜಿಲಿಯನ್ ಆಂಡರ್ಸನ್
ಫಾದರ್ ಜೋಸೆಫ್ ಕ್ರಿಸ್‌ಮನ್ ಪಾತ್ರದಲ್ಲಿ ಬಿಲ್ಲಿ ಕಾನೊಲಿ
ಡಕೋಟಾ ವಿಟ್ನಿ ಪಾತ್ರದಲ್ಲಿ ಅಮಾಂಡಾ ಪೀಟ್
ಅಧಿಕಾರಿ ಮೋಸ್ಲಿ ಡ್ರಮಿ ಪಾತ್ರದಲ್ಲಿ ಎಕ್ಸಿಬಿಟ್
ಯಾಂಕಾ ಡಾಸಿಶಿನ್ ಪಾತ್ರದಲ್ಲಿ ಕ್ಯಾಲಮ್ ಕೀತ್ ರೆನಿ
ಆಸ್ಪತ್ರೆಯ ಆಡಳಿತಾಧಿಕಾರಿ ಫಾದರ್ ಇಬಾರಾ ಪಾತ್ರದಲ್ಲಿ ಆಡಮ್ ಗಾಡ್ಲಿ
ವಾಲ್ಟರ್ ಸ್ಕಿನ್ನರ್ ಪಾತ್ರದಲ್ಲಿ ಮಿಚ್ ಪಿಲೆಜಿ

ಸ್ಕಾಟ್ಲೆಂಡಿನ ಹಾಸ್ಯನಟರೆಂದೇ ಪ್ರಸಿದ್ಧರಾದ ಕಾನೊಲಿ, ಪಶ್ಚಾತ್ತಾಪದಲ್ಲಿ ಬೇಯುವ ಪಾದ್ರಿಯ ಪಾತ್ರವನ್ನು ನಿರ್ವಹಿಸಿದ್ದು ಗಮನಾರ್ಹ. ಚಿತ್ರವನ್ನು ಮೆಚ್ಚದ ಹಲವರೂ ಅವರ ಅಭಿನಯವನ್ನು ಶ್ಲಾಘಿಸಿದರು.

ನಿರ್ಮಾಣ

ಧಾರಾವಾಹಿ ಮುಗಿಯುವ ಮೊದಲೇ ಎರಡನೆಯ ಚಿತ್ರದ ಆಲೋಚನೆ ನಡೆದಿತ್ತು. ಆದರೆ ಧಾರಾವಾಹಿಯ ಲಾಭಾಂಶದ ವಿಚಾರವಾಗಿ ಕಾರ್ಟರ್ ಮತ್ತು ಫಾಕ್ಸ್ ಸಂಸ್ಥೆಯ ನಡುವೆ ಉಂಟಾದ ಕಾನೂನು ವ್ಯಾಜ್ಯದಿಂದ ಕೆಲಸ ಹಲವು ವರ್ಷ ಮುಂದೂಡಲ್ಪಟ್ಟಿತು. ವ್ಯಾಜ್ಯ ಬಗೆಹರಿದ ಮೇಲೆ ಕಾಲಾವಕಾಶ ತೀರ ಕಡಿಮೆಯಿತ್ತು. ೨೦೦೭ರ ನವೆಂಬರ್‌ನಲ್ಲಿ ಹಾಲಿವುಡ್ ಬರಹಗಾರರ ಸಂಘದ ಮುಷ್ಕರ ಆರಂಭವಾದದ್ದರಿಂದ, ಅದಕ್ಕೆ ಮುಂಚೆಯೇ ಚಿತ್ರಕಥೆಯನ್ನು ಸಿದ್ಧಪಡಿಸಬೇಕಾಯಿತು. ಮುಷ್ಕರದ ಅವಧಿಯಲ್ಲಿ ಸದಸ್ಯರು ಚಿತ್ರಕಥೆಯನ್ನು ತಿದ್ದಿ ಬರೆಯುವಂತಿರಲಿಲ್ಲ.

ಚಿತ್ರೀಕರಣ ೨೦೦೭ರ ಡಿಸೆಂಬರ್‌ನಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಆರಂಭವಾಗಿ ೨೦೦೮ರ ಮಾರ್ಚ್‌ನಲ್ಲಿ ಮುಗಿಯಿತು. ಧಾರಾವಾಹಿಯ ಮೊದಲ ಐದು ಆವೃತ್ತಿಗಳು ಅಲ್ಲಿನ ವ್ಯಾಂಕೂವರ್ ನಗರದಲ್ಲಿ ಚಿತ್ರೀಕರಣಗೊಂಡಿದ್ದವು. ಮಂಜು, ಮಳೆ, ಕತ್ತಲು ತುಂಬಿದ ಆ ವಾತಾವರಣ ಧಾರಾವಾಹಿಯ ಗುರುತೇ ಆಗಿತ್ತು. ಆರನೆಯ ಆವೃತ್ತಿಯಿಂದ ಚಿತ್ರೀಕರಣ ಲಾಸ್ ಏಂಜಲೀಸ್‌ಗೆ ಸ್ಥಳಾಂತರವಾಗಿತ್ತು. ಆದ್ದರಿಂದ ಈ ಚಿತ್ರ ಮೂಲ ನೆಲಕ್ಕೆ ಮರಳಿದಂತಾಯಿತು. ಹಿಮದ ದೃಶ್ಯಗಳನ್ನು ಪೆಂಬರ್ಟನ್ ಎಂಬ ಪರ್ವತ ಪ್ರದೇಶದ ಊರಿನಲ್ಲಿ ಚಿತ್ರಿಸಲಾಯಿತು. ಛಾಯಾಗ್ರಾಹಕ ಬಿಲ್ ರೋ ಮತ್ತು ಸಂಗೀತ ನಿರ್ದೇಶಕ ಮಾರ್ಕ್ ಸ್ನೋ ಇಬ್ಬರೂ ಧಾರಾವಾಹಿಯ ಬಳಗದವರು. ಕಾರ್ಟರ್ ಧಾರಾವಾಹಿಯ ಅನೇಕ ಕಂತುಗಳನ್ನು ನಿರ್ದೇಶಿಸಿದ್ದರೂ ಚಿತ್ರಮಂದಿರದಲ್ಲಿ ಬಿಡುಗಡೆಯಾದ ಅವರ ನಿರ್ದೇಶನದ ಮೊದಲ ಚಲನಚಿತ್ರವಿದು.

ಸುಮಾರು ೩ ಕೋಟಿ ಡಾಲರ್ ವೆಚ್ಚದಲ್ಲಿ ಚಿತ್ರ ಸಿದ್ಧವಾಯಿತು. ಹತ್ತು ವರ್ಷ ಹಿಂದಿನ ಮೊದಲ ಚಿತ್ರಕ್ಕೆ ಸುಮಾರು ೬.೬ ಕೋಟಿ ಡಾಲರ್ ವ್ಯಯವಾಗಿತ್ತು. ಅದರ ಅರ್ಧಕ್ಕಿಂತ ಕಡಿಮೆ ಹಣದಲ್ಲಿ ಅನ್ಯಗ್ರಹಜೀವಿಗಳ ಆಕ್ರಮಣದಂತಹ ಕಥೆಯನ್ನು ತೆರೆಗೆ ತರುವುದು ಕಷ್ಟಸಾಧ್ಯವಾಗಿತ್ತು. ಧಾರಾವಾಹಿಯನ್ನು ನೋಡದ ಹೊಸ ಪ್ರೇಕ್ಷಕರಿಗೂ ಅರ್ಥವಾಗಬೇಕು ಎಂಬ ಉದ್ದೇಶವೂ ಬಿಡಿಕಥೆಯ ಆಯ್ಕೆಗೆ ಕಾರಣವೆಂದು ಚಿತ್ರದ ತಯಾರಕರು ತಿಳಿಸಿದ್ದರು.

ಶೀರ್ಷಿಕೆ

'ನಾನು ನಂಬಬಯಸುತ್ತೇನೆ' ಎಂಬುದು ಶೀರ್ಷಿಕೆಯ ಅರ್ಥ. ಎಫ್‌ಬಿಐ ಕಟ್ಟಡದ ನೆಲಮಾಳಿಗೆಯಲ್ಲಿದ್ದ ಮಲ್ಡರ್‌ನ ಕಚೇರಿಯ ಗೋಡೆಯ ಮೇಲೆ ಹಾರುವ ತಟ್ಟೆಯ ಚಿತ್ರದ ಕೆಳಗೆ ಇದೇ ವಾಕ್ಯವಿದ್ದ ಭಿತ್ತಿಪತ್ರವೊಂದು ತೂಗುತ್ತಿತ್ತು. ವಾಕ್ಯದಲ್ಲಿರುವುದು ನಂಬುಗೆಯಲ್ಲ, ನಂಬುವ ಬಯಕೆ. ಧಾರಾವಾಹಿಯಲ್ಲಿ ಮಲ್ಡರ್‌ನ ಹುಡುಕಾಟಕ್ಕೆ ಸಂಬಂಧಿಸಿದ್ದ ಈ ಮಾತು ಚಿತ್ರದಲ್ಲಿ ಸ್ಕಲಿಯ ಪಾಲಿಗೆ ಬರುತ್ತದೆ. ಕ್ಷಮೆಗೆ ಅರ್ಹನಲ್ಲದ ವ್ಯಕ್ತಿಯೊಬ್ಬನ ಬಾಯಿಂದ ದೈವದ ಮಾತು ಬರಲು ಸಾಧ್ಯವೆ ಎಂಬ ಪ್ರಶ್ನೆಯನ್ನು ಆಕೆ ಎದುರಿಸಬೇಕಾಗುತ್ತದೆ.

ಬಿಡುಗಡೆ ಮತ್ತು ಗಳಿಕೆ

ಕಥೆಯ ಗುಟ್ಟು ಬಯಲಾಗದಂತೆ ತಯಾರಕರು ವಿಶೇಷ ಎಚ್ಚರ ವಹಿಸಿದರು. ಬಿಡುಗಡೆಗೆ ಕೆಲವೇ ದಿನಗಳಿರುವವರೆಗೂ ಚಿತ್ರದ ವಸ್ತುವೇನೆಂಬುದು ಬಹುಪಾಲು ಜನರಿಗೆ ತಿಳಿದಿರಲಿಲ್ಲ. ಈ ಗೋಪ್ಯತೆಯಿಂದ ಎರಡು ಪರಿಣಾಮಗಳಾದವು: ಪುರಾಣದ ಕಥೆಯೇ ಮುಂದುವರಿಯುತ್ತದೆಂದು ಹಳೆಯ ಅಭಿಮಾನಿಗಳು ಭಾವಿಸಿಕೊಂಡರು, ಇದು ಎಂತಹ ಚಿತ್ರವೆಂದು ಹೊಸ ಪ್ರೇಕ್ಷಕರಿಗೆ ತಿಳಿಯಲೇ ಇಲ್ಲ.

ಬಿಡುಗಡೆಯ ದಿನವೂ ಅನುಕೂಲಕರವಾಗಿರಲಿಲ್ಲ. ಕ್ರಿಸ್ಟೋಫರ್ ನೋಲನ್ ನಿರ್ದೇಶನದ 'ದಿ ಡಾರ್ಕ್ ನೈಟ್' ಕೇವಲ ಒಂದು ವಾರ ಮೊದಲು, ಜುಲೈ ೧೮ರಂದು ತೆರೆಕಂಡಿತ್ತು. ಆ ಚಿತ್ರ ತನ್ನ ಎರಡನೆಯ ವಾರಾಂತ್ಯದಲ್ಲೂ ಅಮೆರಿಕದಲ್ಲಿ ಸುಮಾರು ೭.೫ ಕೋಟಿ ಡಾಲರ್ ಸಂಗ್ರಹಿಸಿತು. ಅದೇ ವಾರಾಂತ್ಯದಲ್ಲಿ 'ಐ ವಾಂಟ್ ಟು ಬಿಲೀವ್' ಗಳಿಸಿದ್ದು ಸುಮಾರು ೧ ಕೋಟಿ ಡಾಲರ್. ದೊರೆತದ್ದು ನಾಲ್ಕನೆಯ ಸ್ಥಾನ. ಮೊದಲ ಚಿತ್ರದ ಆರಂಭಿಕ ವಾರಾಂತ್ಯದ ಗಳಿಕೆಯೊಂದಿಗೆ ಹೋಲಿಸಿದರೆ ಇದು ಮೂರನೆಯ ಒಂದು ಭಾಗ. ಹಿಮ, ಚಳಿ, ಕತ್ತಲೆಯ ನಿಧಾನಗತಿಯ ಕಥೆಯೊಂದನ್ನು ಬೇಸಿಗೆಯ ರಜಾಕಾಲದ ಅದ್ದೂರಿ ಚಿತ್ರಗಳ ನಡುವೆ ಬಿಡುಗಡೆ ಮಾಡಿದ್ದೂ ಟೀಕೆಗೆ ಒಳಗಾಯಿತು.

ಅಮೆರಿಕ ಮತ್ತು ಕೆನಡಾದಲ್ಲಿ ಚಿತ್ರದ ಒಟ್ಟು ಗಳಿಕೆ ಸುಮಾರು ೨.೧ ಕೋಟಿ ಡಾಲರ್. ಇತರ ದೇಶಗಳ ಗಳಿಕೆ ಅದರ ಎರಡು ಪಟ್ಟಿಗೂ ಹೆಚ್ಚು. ಜಗತ್ತಿನಾದ್ಯಂತ ಒಟ್ಟು ಸುಮಾರು ೬.೮ ಕೋಟಿ ಡಾಲರ್ ಸಂಗ್ರಹವಾಯಿತು. ವೆಚ್ಚಕ್ಕೆ ಹೋಲಿಸಿದರೆ ಚಿತ್ರವನ್ನು ಪೂರ್ಣ ಸೋಲೆನ್ನಲಾಗದು. ಆದರೆ ಮೊದಲ ಚಿತ್ರದ ಗಳಿಕೆಯ ಮುಂದೆ ಈ ಮೊತ್ತ ಬಹಳ ಕಡಿಮೆ. ೨೦೦೮ರ ಡಿಸೆಂಬರ್‌ನಲ್ಲಿ ಡಿವಿಡಿ ಮತ್ತು ಬ್ಲೂ-ರೇ ಬಿಡುಗಡೆಯಾದವು. ಚಿತ್ರಮಂದಿರಗಳಿಗಾಗಿ ತೆಗೆದುಹಾಕಿದ್ದ ಕೆಲವು ನಿಮಿಷಗಳ ದೃಶ್ಯಗಳನ್ನು ಸೇರಿಸಿದ ವಿಸ್ತೃತ ಆವೃತ್ತಿಯೂ ಅದರಲ್ಲಿತ್ತು.

ವಿಮರ್ಶೆ

ಹೆಚ್ಚಿನ ವಿಮರ್ಶೆಗಳು ಪ್ರತಿಕೂಲವಾಗಿದ್ದವು. ವಿಮರ್ಶೆಗಳನ್ನು ಕ್ರೋಡೀಕರಿಸುವ ರಾಟನ್ ಟೊಮ್ಯಾಟೋಸ್ ತಾಣದಲ್ಲಿ ಸುಮಾರು ಮೂರನೆಯ ಒಂದರಷ್ಟು ವಿಮರ್ಶೆಗಳು ಮಾತ್ರ ಅನುಕೂಲಕರವಾಗಿವೆ. ಟೀಕೆಗಳನ್ನು ಸ್ಥೂಲವಾಗಿ ಹೀಗೆ ಸಂಗ್ರಹಿಸಬಹುದು.

ಮೊದಲನೆಯದು, ಚಿತ್ರದ ಗಾತ್ರವನ್ನು ಕುರಿತದ್ದು. ಕಥೆ ಧಾರಾವಾಹಿಯ ಸಾಮಾನ್ಯ ಕಂತೊಂದನ್ನು ಎಳೆದು ದೊಡ್ಡದು ಮಾಡಿದಂತಿದೆ, ಚಿತ್ರಮಂದಿರದ ತೆರೆಗೆ ಬೇಕಾದ ವ್ಯಾಪ್ತಿ ಅದಕ್ಕಿಲ್ಲ ಎಂಬ ಅಭಿಪ್ರಾಯ ವ್ಯಾಪಕವಾಗಿತ್ತು. ನಲವತ್ತೈದು ನಿಮಿಷಗಳ ಕಂತಿನಲ್ಲಿ ಬಿಗಿಯಾಗಿ ನಿಲ್ಲುತ್ತಿದ್ದ ರಚನೆ, ನೂರು ನಿಮಿಷ ಮೀರಿದ ಚಿತ್ರದಲ್ಲಿ ಸಡಿಲವಾಯಿತು.

ಎರಡನೆಯದು, ಪುರಾಣದ ಗೈರುಹಾಜರಿ. ಆಕ್ರಮಣದ ದಿನಾಂಕದ ಪ್ರಸ್ತಾಪ ಚಿತ್ರದಲ್ಲಿ ಎಲ್ಲಿಯೂ ಇಲ್ಲ. ಮರಣದಂಡನೆಗೆ ಗುರಿಯಾಗಿದ್ದ ನಾಯಕನ ಮೇಲಿನ ಆರೋಪಗಳು ಕೆಲವೇ ಮಾತುಗಳಲ್ಲಿ ರದ್ದಾಗುತ್ತವೆ. ಆರು ವರ್ಷ ಕಾದ ಪ್ರೇಕ್ಷಕರಿಗೆ, ಅವರು ಕೇಳಿರದ ಪ್ರಶ್ನೆಗೆ ಉತ್ತರ ದೊರೆತಂತಾಯಿತು. ಇನ್ನೊಂದೆಡೆ, ಹಳೆಯ ನೆನಪುಗಳನ್ನು ಕೆರಳಿಸುವ ಕಿರುಸಂಗತಿಗಳು ಚಿತ್ರದಲ್ಲಿ ಸಾಕಷ್ಟಿವೆ: ಚಾವಣಿಗೆ ಚುಚ್ಚಿದ ಪೆನ್ಸಿಲುಗಳು, ಸೂರ್ಯಕಾಂತಿ ಬೀಜಗಳು, ಎಫ್‌ಬಿಐ ಕಚೇರಿಯಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಅವರ ಭಾವಚಿತ್ರದ ಮುಂದೆ ಕೇಳಿಬರುವ ಧಾರಾವಾಹಿಯ ಶಿಳ್ಳೆಯ ರಾಗ. ಇವನ್ನು ಗುರುತಿಸಬಲ್ಲವರು ಹಳೆಯ ವೀಕ್ಷಕರೇ. ಹೊಸಬರಿಗಾಗಿ ಕಥೆ, ಹಳಬರಿಗಾಗಿ ಸಂಕೇತಗಳು ಎಂಬ ಈ ಹಂಚಿಕೆ ಇಬ್ಬರಿಗೂ ಅರೆತೃಪ್ತಿ ನೀಡಿತೆಂಬುದು ಟೀಕೆಯ ಸಾರ.

ಮೂರನೆಯದು, ಅಲೌಕಿಕ ಅಂಶದ ಕೊರತೆ. ಪಾದ್ರಿಯ ದರ್ಶನಗಳನ್ನು ಬಿಟ್ಟರೆ ಕಥೆಯಲ್ಲಿ ವಿವರಣೆಗೆ ನಿಲುಕದ ಸಂಗತಿ ಯಾವುದೂ ಇಲ್ಲ. ತಲೆ ಕಸಿ ಮಾಡುವ ಭಾಗವೂ ವಿಜ್ಞಾನದ ವಿಕೃತಿಯಾಗಿಯೇ ಬರುತ್ತದೆ. ಸೋವಿಯತ್ ವಿಜ್ಞಾನಿ ವ್ಲಾದಿಮಿರ್ ದೆಮಿಖೋವ್ ೧೯೫೦ರ ದಶಕದಲ್ಲಿ ನಾಯಿಯೊಂದಕ್ಕೆ ಇನ್ನೊಂದರ ತಲೆಯನ್ನು ಜೋಡಿಸಿದ ಪ್ರಯೋಗಗಳು ಇತಿಹಾಸದಲ್ಲಿ ದಾಖಲಾಗಿವೆ. ಚಿತ್ರದ ಕಲ್ಪನೆ ಅಂತಹ ಪ್ರಯೋಗಗಳನ್ನು ನೆನಪಿಸುತ್ತದೆ. ಖಳರಿಬ್ಬರನ್ನು ಸಲಿಂಗ ದಂಪತಿಯಾಗಿ ಚಿತ್ರಿಸಿದ್ದನ್ನೂ ಕೆಲವರು ಆಕ್ಷೇಪಿಸಿದರು.

ಅನುಕೂಲಕರ ವಿಮರ್ಶೆಗಳೂ ಇಲ್ಲದಿಲ್ಲ. ಅಮೆರಿಕದ ಪ್ರಸಿದ್ಧ ವಿಮರ್ಶಕ ರಾಜರ್ ಈಬರ್ಟ್ ನಾಲ್ಕರಲ್ಲಿ ಮೂರೂವರೆ ತಾರೆಗಳನ್ನು ನೀಡಿದರು. ಭಾರಿ ಸ್ಫೋಟ, ಹೊಡೆದಾಟಗಳನ್ನು ಅವಲಂಬಿಸದೆ, ಒಳಿತು ಕೆಡುಕುಗಳ ಪ್ರಶ್ನೆಯನ್ನು ಪಾತ್ರಗಳ ಮೂಲಕ ಶೋಧಿಸುವುದನ್ನು ಮೆಚ್ಚಿದವರಿದ್ದಾರೆ. ಮಲ್ಡರ್ ಮತ್ತು ಸ್ಕಲಿಯರ ಸಂಬಂಧವನ್ನು ನಡುವಯಸ್ಸಿನ ದಣಿವು, ಮಮತೆ, ಕಳೆದುಕೊಂಡ ಮಗುವಿನ ನೋವು ಇವುಗಳೊಂದಿಗೆ ತೋರಿಸಿದ ದೃಶ್ಯಗಳು ಚಿತ್ರದ ಉತ್ತಮ ಭಾಗಗಳೆಂದು ಪರಿಗಣಿತವಾಗಿವೆ. ಮಗನನ್ನು ಉಳಿಸಿಕೊಳ್ಳಲಾಗದ ಸ್ಕಲಿ ಮತ್ತೊಬ್ಬರ ಮಗನನ್ನು ಉಳಿಸಲು ಹೆಣಗುವುದು, ತಂಗಿಯನ್ನು ಕಾಪಾಡಲಾಗದ ಮಲ್ಡರ್ ಅಪಹೃತ ಮಹಿಳೆಯರ ಬೆನ್ನುಹತ್ತುವುದು, ಈ ಎರಡು ಎಳೆಗಳು ಒಂದಕ್ಕೊಂದು ಕನ್ನಡಿಯಾಗಿವೆ. ಒಂದೇ ಬಗೆಯ ವೈದ್ಯವಿಜ್ಞಾನ ಒಂದೆಡೆ ಮಗುವನ್ನು ಬದುಕಿಸುವ ಆಸೆಯಾಗಿ, ಇನ್ನೊಂದೆಡೆ ಕೊಲೆಯಾಗಿ ಕಾಣಿಸಿಕೊಳ್ಳುವುದೂ ಗಮನಿಸತಕ್ಕ ಅಂಶ.

ಇತರ ಚಿತ್ರಗಳೊಂದಿಗೆ ಹೋಲಿಕೆ

ಜನಪ್ರಿಯ ಧಾರಾವಾಹಿಗಳನ್ನು ಚಲನಚಿತ್ರವಾಗಿ ಮುಂದುವರಿಸುವ ಪ್ರಯತ್ನಗಳಲ್ಲಿ ಇದೇ ತೊಡಕು ಬೇರೆ ಬೇರೆ ರೂಪಗಳಲ್ಲಿ ಕಾಣಿಸಿಕೊಂಡಿದೆ. ೧೯೬೯ರಲ್ಲಿ ನಿಂತ 'ಸ್ಟಾರ್ ಟ್ರೆಕ್' ಧಾರಾವಾಹಿಯನ್ನು ಹತ್ತು ವರ್ಷಗಳ ಬಳಿಕ ಮುಂದುವರಿಸಿದ 'ಸ್ಟಾರ್ ಟ್ರೆಕ್: ದಿ ಮೋಷನ್ ಪಿಕ್ಚರ್' ಹಣ ಗಳಿಸಿದರೂ ನಿಧಾನಗತಿಗಾಗಿ ಟೀಕೆಗೊಳಗಾಯಿತು. ೧೯೮೨ರಲ್ಲಿ ಬಂದ ಅದರ ಮುಂದಿನ ಚಿತ್ರ ಆ ಸರಣಿಗೆ ಮರುಜೀವ ನೀಡಿತು. ಡೇವಿಡ್ ಲಿಂಚ್ ಅವರ 'ಟ್ವಿನ್ ಪೀಕ್ಸ್: ಫೈರ್ ವಾಕ್ ವಿತ್ ಮಿ' (೧೯೯೨) ಧಾರಾವಾಹಿಯ ಕೊನೆಯಲ್ಲಿ ಉಳಿದ ಪ್ರಶ್ನೆಗಳಿಗೆ ಉತ್ತರಿಸದೆ, ಅದಕ್ಕೂ ಹಿಂದಿನ ಕಥೆಯನ್ನು ಹೇಳಿ ಅಭಿಮಾನಿಗಳನ್ನು ನಿರಾಶೆಗೊಳಿಸಿತು; ದಶಕಗಳ ಬಳಿಕ ಅದೇ ಚಿತ್ರ ಮರುಮೌಲ್ಯಮಾಪನಗೊಂಡು ಮನ್ನಣೆ ಪಡೆಯಿತು. ಇದಕ್ಕೆ ವ್ಯತಿರಿಕ್ತವಾಗಿ, ಅರ್ಧದಲ್ಲೇ ನಿಂತ 'ಫೈರ್‌ಫ್ಲೈ' ಧಾರಾವಾಹಿಯ ಕಥೆಯ ಮುಖ್ಯ ಒಗಟನ್ನು ಬಿಡಿಸಿದ 'ಸೆರೆನಿಟಿ' (೨೦೦೫) ಹೆಚ್ಚು ಹಣ ಗಳಿಸದಿದ್ದರೂ ಅಭಿಮಾನಿಗಳ ಪ್ರೀತಿ ಗಳಿಸಿತು.

ನಂತರದ ಬೆಳವಣಿಗೆಗಳು

ಆಕ್ರಮಣದ ಕಥೆಯನ್ನು ಮೂರನೆಯ ಚಿತ್ರಕ್ಕಾಗಿ ಮೀಸಲಿಡುವ ಇಂಗಿತವನ್ನು ಕಾರ್ಟರ್ ಮತ್ತು ಸ್ಪಾಟ್ನಿಟ್ಜ್ ವ್ಯಕ್ತಪಡಿಸಿದ್ದರು. ಆ ಚಿತ್ರ ೨೦೧೨ರಲ್ಲಿ ಬರಬೇಕೆಂಬುದು ಅಭಿಮಾನಿಗಳ ಆಶಯವಾಗಿತ್ತು. ಆದರೆ ಎರಡನೆಯ ಚಿತ್ರದ ಗಳಿಕೆ ಕಡಿಮೆಯಾದ ಮೇಲೆ ಮೂರನೆಯದು ಕೈಗೂಡಲಿಲ್ಲ. ಕಥೆಯೊಳಗಿನ ಆಕ್ರಮಣದ ದಿನ ನಿಜಜೀವನದ ಪಂಚಾಂಗದಲ್ಲಿ ಸದ್ದಿಲ್ಲದೆ ಕಳೆದುಹೋಯಿತು.

೨೦೧೬ರ ಜನವರಿ ೨೪ರಂದು ಧಾರಾವಾಹಿಯು ಆರು ಕಂತುಗಳ ಹತ್ತನೆಯ ಆವೃತ್ತಿಯಾಗಿ ಫಾಕ್ಸ್ ವಾಹಿನಿಗೆ ಮರಳಿತು. ಮೊದಲ ಕಂತನ್ನು ಅಮೆರಿಕದಲ್ಲಿ ೧.೬ ಕೋಟಿಗೂ ಹೆಚ್ಚು ಮಂದಿ ವೀಕ್ಷಿಸಿದರು. ಎಂಟು ವರ್ಷ ಹಿಂದೆ ಚಿತ್ರಮಂದಿರಕ್ಕೆ ಬಾರದ ಅಭಿಮಾನಿಗಳು ಕಥೆಯನ್ನು ಮರೆತಿರಲಿಲ್ಲವೆಂಬುದನ್ನು ಇದು ಸೂಚಿಸಿತು. ಹೊಸ ಆವೃತ್ತಿ ಪುರಾಣದ ಕಥೆಯನ್ನು ಮತ್ತೆ ಕೈಗೆತ್ತಿಕೊಂಡು, ಅನ್ಯಗ್ರಹಜೀವಿಗಳ ಆಕ್ರಮಣದ ಬದಲು ಮನುಷ್ಯರದೇ ಸಂಚನ್ನು ಮುಂದಿಟ್ಟಿತು. ಚಿತ್ರದಲ್ಲಿ ಜೊತೆಯಾಗಿ ಬಾಳುತ್ತಿದ್ದ ಮಲ್ಡರ್ ಮತ್ತು ಸ್ಕಲಿ ಇದರಲ್ಲಿ ಬೇರೆಯಾಗಿರುತ್ತಾರೆ. ಹತ್ತು ಕಂತುಗಳ ಹನ್ನೊಂದನೆಯ ಆವೃತ್ತಿ ೨೦೧೮ರಲ್ಲಿ ಪ್ರಸಾರವಾಗಿ ಮಾರ್ಚ್ ೨೧ರಂದು ಕೊನೆಗೊಂಡಿತು. ಇದರೊಂದಿಗೆ ಧಾರಾವಾಹಿಯ ಒಟ್ಟು ಕಂತುಗಳ ಸಂಖ್ಯೆ ೨೧೮ ಆಯಿತು. ಈ ಸರಣಿಯಲ್ಲಿ ಡುಕೋವ್ನಿ ಮತ್ತು ಆಂಡರ್ಸನ್ ನಟಿಸಿದ ಮೂರನೆಯ ಚಲನಚಿತ್ರ ಬರಲಿಲ್ಲ.